ದೊಡ್ಡಮ್ಮನ ಡಬ್ಬಿ ವೈದ್ಯ

ಡಾಕ್ಟರು ಬರೆದುಕೊಟ್ಟ ಆ್ಯಂಟಿಬಯೋಟಿಕ್ ಪೂರ್ತಿ ನುಂಗಿ ನಮ್ಮ ದೊಡ್ಡಮ್ಮನಿಗೆ ಗೊತ್ತೇ ಇಲ್ಲ. ಜ್ವರ ಇಳಿದ ಕೂಡಲೇ ಉಳಿದ ಮಾತ್ರೆಗಳು ಬಿಸ್ಕತ್ತಿನ ಡಬ್ಬಿ ಸೇರುತ್ತವೆ. ಪಕ್ಕದ ಮನೆಯವರು ಕೆಮ್ಮಿದರೆ ಸಾಕು, ಡಬ್ಬಿ ಸಮೇತ ಹಾಜರು. “ಅರ್ಧಕ್ಕೆ ಬಿಟ್ರೆ ರೋಗಾಣು ಔಷಧಿಗೇ ಪಳಗಿಬಿಡ್ತವೆ ದೊಡ್ಡಮ್ಮ” ಎಂದು ಬಾಯಿ ನೋಯುವಷ್ಟು ಹೇಳಿದ್ದೇನೆ. “ನೀನು ನರ್ಸಾಗಿದ್ದು ನನ್ನನ್ನ ಹೆದರಿಸೋಕಾ?” ಎನ್ನುತ್ತಿದ್ದಳು. ಮೊಮ್ಮಗಳಿಗೆ ಜ್ವರ ಬಂದಾಗಲೂ ಮೊದಲು ನಡೆದದ್ದು ಡಬ್ಬಿಯ ವೈದ್ಯವೇ. ಕತ್ತು ಸೆಟೆದುಕೊಂಡ ಮೇಲಷ್ಟೇ ಆಸ್ಪತ್ರೆಗೆ ತಂದರು: ಮೆದುಳು ಜ್ವರ. ಮಾಮೂಲಿ ಔಷಧಿಗೆ ರೋಗಾಣು ಜಗ್ಗಲಿಲ್ಲ. ಬೇರೆ ಔಷಧಿ ಕೆಲಸ ಮಾಡಿ ಮಗು ಉಳಿಯಿತು, ಕಿವಿ ಉಳಿಯಲಿಲ್ಲ. ಇವತ್ತಾದರೂ ಜಗಳವಾಡೋಣವೆಂದು ಹೋಗುತ್ತೇನೆ. ದಿನವಿಡೀ ವಟಗುಟ್ಟುತ್ತಿದ್ದ ದೊಡ್ಡಮ್ಮ ಮಗುವಿನೆದುರು ಕೂತು, ಸದ್ದಿಲ್ಲದೆ, ಒಂದೇ ಪದವನ್ನು ಮತ್ತೆ ಮತ್ತೆ ತುಟಿಯಾಡಿಸಿ ತೋರಿಸುತ್ತಿರುತ್ತಾಳೆ: “ಅಜ್ಜಿ.”