ಬಳೆಯವ್ವನ ಉಡಿ

ರಾಯಚೂರು ಕೋಟೆಯ ವಸ್ತುಸಂಗ್ರಹಾಲಯಕ್ಕೆ ನಾನು ವರ್ಷಕ್ಕೊಮ್ಮೆಯಾದರೂ ಹೋಗುತ್ತೇನೆ. ಆಸಕ್ತಿಯಿಂದಲ್ಲ, ನೌಕರಿಯಿಂದ. ನಾನು ಗಣಿತ ಕಲಿಸುವವಳು. ಆದರೆ ಮಕ್ಕಳನ್ನು ಸಾಲು ಹಿಡಿಸಿ ಹೊರಗೆ ಕರೆದೊಯ್ಯಲು ದೊಡ್ಡ ಗಂಟಲು ಬೇಕು, ಅದು ನಮ್ಮ ಶಾಲೆಯಲ್ಲಿ ನನಗೊಬ್ಬಳಿಗೇ ಇದೆ ಅಂತ ಎಲ್ಲರೂ ತೀರ್ಮಾನಿಸಿಬಿಟ್ಟಿದ್ದಾರೆ. ನಿಜ ಹೇಳಬೇಕೆಂದರೆ ಅಲ್ಲಿ ನನಗೆ ಹಿಡಿಸುವುದು ಮೂರ್ತಿಗಳಲ್ಲ, ಕಲ್ಲುಗೋಡೆಯ ತಂಪು. ಈ ಊರಿನಲ್ಲಿ ತಂಪಿಗಿಂತ ಅಪರೂಪದ ವಸ್ತು ಇನ್ನೊಂದಿಲ್ಲ.

ಅಂಥ ಜಾಗಕ್ಕೆ ಹೋದ ವರ್ಷ ಅವ್ವನನ್ನೂ ತಂಗಿಯನ್ನೂ ಕರೆದುಕೊಂಡು ಹೋಗಬೇಕಾಯಿತು. ಅವರು ನೋಡಲು ಬಂದದ್ದಲ್ಲ. ಉಡಿ ತುಂಬಲು ಬಂದದ್ದು.

ನನ್ನ ತವರು ಮಾನ್ವಿ ಕಡೆಯ ಒಂದು ಹಳ್ಳಿ. ಅಲ್ಲಿ ಕಾಲುವೆ ದಂಡೆಯ ಪಕ್ಕದಲ್ಲಿ ನೆಲದಿಂದ ಒಂದು ಕೈ ಎದ್ದು ನಿಂತಿತ್ತು. ಮೈತುಂಬ ಎಣ್ಣೆ ಅರಿಷಿಣ ಮೆತ್ತಿದ, ಮೊಣಕೈವರೆಗೆ ಬಳೆ ಕೆತ್ತಿದ ಕಲ್ಲಿನ ಕೈ. ಉಳಿದದ್ದೆಲ್ಲ ಮಣ್ಣಿನಲ್ಲಿ ಹೂತಿತ್ತು. ಅದಕ್ಕೆ ನಾವು ಬಳೆಯವ್ವ ಅನ್ನುತ್ತಿದ್ದೆವು. ನಮ್ಮ ಮನೆತನದ ಹೆಣ್ಣುಮಕ್ಕಳು ಬಸುರಾದರೆ ಏಳನೆಯ ತಿಂಗಳಲ್ಲಿ ಮೊದಲು ಬಳೆಯವ್ವನಿಗೆ ಉಡಿ ತುಂಬಬೇಕು, ಆಮೇಲೆಯೇ ಬಸುರಿಗೆ ಕುಬಸ, ಅಂದರೆ ಸೀಮಂತ, ಮಾಡಿ ಅವಳ ಉಡಿ ತುಂಬಬೇಕು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಅಡಿಕೆ, ಜೊತೆಗೆ ಹಸಿರು ಬಳೆ. ಅವಳ ಕಿರುಬೆರಳು ಅರ್ಧಕ್ಕೆ ಮುರಿದಿತ್ತು. ಚಿಕ್ಕವಳಿದ್ದಾಗ ಪರೀಕ್ಷೆಗೆ ಹೋಗುವ ಮೊದಲು ಆ ಮುರಿದ ಬೆರಳನ್ನು ಮುಟ್ಟಿ ಹೋಗುತ್ತಿದ್ದೆ. ಗಣಿತದಲ್ಲಿ ಪಾಸಾದದ್ದು ಅದರಿಂದಲೇ ಅಂತ ಅವ್ವ ಈಗಲೂ ನಂಬಿದ್ದಾಳೆ.

ಕೆಲವು ವರ್ಷಗಳ ಹಿಂದೆ ಕಾಲುವೆ ರಿಪೇರಿಗೆ ಜೆಸಿಬಿ ಬಂತು. ದಂಡೆ ಅಗೆಯುವಾಗ ಆ ಕೈಯ ಕೆಳಗಿಂದ ಆಳೆತ್ತರದ ಕಲ್ಲು ಎದ್ದಿತಂತೆ. ಹಳೆಯ ಶಿಲ್ಪ ಅಂತ ಗೊತ್ತಾಗಿ ಅದನ್ನು ಟ್ರ್ಯಾಕ್ಟರಿಗೆ ಹೇರಿ ರಾಯಚೂರಿಗೆ ಸಾಗಿಸಿದರು. ಊರಿನ ಹೆಂಗಸರು ಹಿಂದೆಯೇ ಓಡಿ ಅಡ್ಡರಸ್ತೆಯವರೆಗೆ ಹೋಗಿ, ತವರಿನಿಂದ ಮಗಳನ್ನು ಕಳಿಸಿದ ಹಾಗೆ ಅತ್ತು ಬಂದರು.

ಅದಾದ ಮೇಲೆ ನನ್ನ ತಂಗಿಗೆ ಎರಡು ಸಲ ಬಸಿರು ನಿಲ್ಲಲಿಲ್ಲ. ಅವಳನ್ನು ದೇವದುರ್ಗಕ್ಕೆ ಕೊಟ್ಟಿದ್ದೇವೆ. ಡಾಕ್ಟರು ಮೈಯಲ್ಲಿ ರಕ್ತವಿಲ್ಲ ಅಂದರು. ಅವ್ವ, ಬಳೆಯವ್ವನ ಉಡಿ ಬರಿದಾಗಿದೆ ಅಂದಳು. ಮೂರನೆಯ ಸಲ ಏಳು ತಿಂಗಳವರೆಗೆ ಬಂದಾಗ ಗಂಡನ ಮನೆಯವರು ಕುಬಸಕ್ಕೆ ದಿನ ಹಿಡಿದರು. ಅವ್ವ ಒಪ್ಪಲಿಲ್ಲ.

“ಮೊದಲ ಆಕಿ ಉಡಿ ತುಂಬಬೇಕು. ಅಲ್ಲೀತನಕ ನನ್ನ ಮಗಳಿಗಿ ಹಸರ ಸೀರಿ ಉಡಸಂಗಿಲ್ಲ” ಅಂತ ಫೋನಿನಲ್ಲೇ ಹಟ ಹಿಡಿದಳು.

ಓದಿದ ತಂಗಿಯಾದರೂ ಬುದ್ಧಿ ಹೇಳಲಿ ಅಂದುಕೊಂಡರೆ ಅವಳೂ, “ನನಗೂ ಅಂಜಿಕಿ ಬರ್ತದ ಅಕ್ಕಾ, ಒಂದ್ ಸಲ ಹೋಗಿ ಬರೂಣು” ಅಂದಳು. ಹೊಟ್ಟೆಯಲ್ಲಿರುವುದು ಅವಳ ಕೂಸು, ನನ್ನ ತರ್ಕವಲ್ಲ. ಬನ್ನಿ ಅಂದೆ.

ಇಲ್ಲೊಂದು ಮಾತು ಹೇಳಬೇಕು. ನನ್ನ ಗಂಡ ಶಕ್ತಿನಗರದಲ್ಲಿ ಕೆಲಸದಲ್ಲಿದ್ದರು. ಒಂದು ಬೆಳಿಗ್ಗೆ ಎದೆನೋವು ಅಂದವರು ಆಸ್ಪತ್ರೆ ಮುಟ್ಟಲಿಲ್ಲ. ಅಂದಿನಿಂದ ನಮ್ಮ ಮನೆಯ ಶುಭಕಾರ್ಯಗಳಲ್ಲಿ ಅರಿಷಿಣ ಕುಂಕುಮದ ಬಟ್ಟಲು ನನ್ನ ಪಕ್ಕದವರವರೆಗೆ ಬಂದು, ನನ್ನನ್ನು ದಾಟಿ, ಆಚೆಯವರಿಗೆ ಹೋಗುತ್ತದೆ. ಯಾರೂ ಬೈಯುವುದಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಗಂಟಲಂತೂ ಇದ್ದೇ ಇದೆ.

ಬಸ್ ನಿಲ್ದಾಣದಲ್ಲಿ ಅವ್ವ ಮಾನ್ವಿ ಬಸ್ಸಿನಿಂದಲೂ ತಂಗಿ ದೇವದುರ್ಗದ ಬಸ್ಸಿನಿಂದಲೂ ಇಳಿದರು. ಅವ್ವನಿಗೆ ಮಂಡಿನೋವು, ತಂಗಿಗೆ ತುಂಬಿದ ಹೊಟ್ಟೆ. ನೀರಿನ ಬಾಟಲಿ, ಬುತ್ತಿ, ಬಟ್ಟೆಯ ಚೀಲ ಎಲ್ಲ ನನ್ನ ಹೆಗಲಿಗೆ ಬಂತು. ಉಡಿಯ ಸಾಮಾನಿನ ಚೀಲಕ್ಕೂ ಕೈ ಚಾಚಿದೆ.

“ಬ್ಯಾಡವ್ವಾ, ಅದು ಆಕೀನ ಹಿಡೀಲಿ” ಅಂದಳು ಅವ್ವ, ನನ್ನ ಮುಖ ನೋಡದೆ.

ಏಳು ತಿಂಗಳ ಬಸುರಿ ಆ ಚೀಲ ಹೊತ್ತು ಬಿಸಿಲಲ್ಲಿ ಏದುಸಿರು ಬಿಡುತ್ತ ನಡೆದಳು. ನಾನು ಖಾಲಿಯಾದ ಒಂದು ಕೈ ಬೀಸುತ್ತ ಹಿಂದೆ ನಡೆದೆ.

ಬಳೆಯವ್ವನನ್ನು ಒಳಗೆ ಗೋಡೆಗೆ ಆನಿಸಿ ನಿಲ್ಲಿಸಿದ್ದರು. ಎಣ್ಣೆ ಜಿಡ್ಡೆಲ್ಲ ತೊಳೆದು ಕಲ್ಲು ಬೂದುಬಣ್ಣಕ್ಕೆ ತಿರುಗಿತ್ತು. ಮಕ್ಕಳ ಗದ್ದಲದ ನಡುವೆ ಅದನ್ನು ಎಷ್ಟೋ ಸಲ ದಾಟಿ ಹೋಗಿರಬೇಕು, ಗುರುತೇ ಹತ್ತಿರಲಿಲ್ಲ. ಯಾಕೆಂದರೆ ಈಗ ಅವಳು ಕೈ ಮಾತ್ರವಲ್ಲ, ಇಡಿಯಾಗಿ ಇದ್ದಳು. ಕೈಯ ಕೆಳಗೆ ಒಂದು ಗಂಡು ಮಲಗಿತ್ತು. ಅದರ ಪಕ್ಕ ಒಂದು ಹೆಣ್ಣು. ಸುತ್ತ ಎಲೆಗಳ ಹಾಗೆ ಮೇಲೆದ್ದದ್ದು ಎಲೆಗಳಲ್ಲ, ಉರಿ.

ಅವ್ವ ಮುಂದೆ ಬಾಗಿದಳು. ಕಾವಲಿಗಿದ್ದ ಹೆಂಗಸು ಓಡಿ ಬಂದು, “ನಕ್ಕೊ ಮಾ, ಕಲ್ಲಿಗಿ ಏನೂ ಹಚ್ಚಬ್ಯಾಡ್ರಿ. ದೂರಲಿಂದ ಕೈ ಮುಗೀರಿ” ಅಂದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಆದರೆ ಅವಳ ದನಿಯಲ್ಲಿ ಗದರಿಕೆ ಇರಲಿಲ್ಲ, ತಂಗಿಯ ಹೊಟ್ಟೆ ನೋಡಿ ತನ್ನ ಕುರ್ಚಿಯನ್ನೇ ಎಳೆದು ಕೊಟ್ಟಳು.

“ಆ ಹಲಿಗಿ ಮ್ಯಾಲ ಏನ್ ಬರದಾರ?” ಅಂತ ಅವ್ವ ಕೇಳಿದಳು. ಅವಳಿಗೆ ಓದು ಬರುವುದಿಲ್ಲ.

ನಾನು ಆಗಲೇ ಓದಿದ್ದೆ. ಕೇಳದವಳ ಹಾಗೆ ನೀರಿನ ಬಾಟಲಿಯ ಮುಚ್ಚಳ ತಿರುಗಿಸತೊಡಗಿದೆ. ತಂಗಿ ಓದಿ ಹೇಳಿಬಿಟ್ಟಳು: “ಮಾಸ್ತಿಕಲ್ಲು ಅಂತ ಯವ್ವಾ. ಗಂಡ ಲಡಾಯಿದಾಗ ಸತ್ತಾನ. ಹೇಂತಿ ಆತನ ಚಿತಿ ಏರ್ಯಾಳ. ಆಕಿ ನೆನಪಿಗಿ ನಿಲ್ಲಿಸಿದ್ದಂತ.”

“ಸುಳ್ಳ. ಬ್ಯಾರೆ ಕಲ್ಲಿಂದು ಇದಕ್ಕ ಹಾಕ್ಯಾರ.”

“ಇಲ್ಲಬೇ ಯವ್ವಾ, ಇದ ಅದ. ಕಿರಿಬೆರಳ ನೋಡು.”

ಅವ್ವ ನೋಡಿದಳು. ಅರ್ಧಕ್ಕೆ ಮುರಿದ ಬೆರಳು ಅಲ್ಲೇ ಇತ್ತು. ಅವಳು ಮಂಡಿ ಹಿಡಿದುಕೊಂಡು ನೆಲದ ಮೇಲೆ ಕುಳಿತಳು. “ಸುಟಗೊಂಡಾಕಿ ಕೈಲಿಂದ ನಾವು ಬಳಿ ಬೇಡಿದ್ವೇನ?” ಅಂತ ತನಗೆ ತಾನೇ ಅಂದುಕೊಂಡಳು.

ಅವಳನ್ನು ಸಮಾಧಾನ ಮಾಡಬೇಕಿತ್ತು. ನನಗೆ ಬಂದದ್ದು ಸಿಟ್ಟು. ಗಂಡನ ಹಿಂದೆ ಉರಿದುಹೋದಳು ಅಂತ ಇವಳು ದೇವಿ. ಮಾರನೆಯ ದಿನ ಎದ್ದು, ಒಲೆ ಹಚ್ಚಿ, ಉಳಿದುಕೊಂಡೆ ಅಂತ ನಾನು ಅಪಶಕುನ.

“ಈಕೀನೂ ಗಂಡ ಸತ್ತಾಕಿನ ಯವ್ವಾ” ಅಂದೆ. “ಈಕಿ ಮುಂದ ಸೆರಗು ಒಡ್ಡತೀರಿ. ನನ್ನ ಕೈಗಿ ಒಂದು ಚೀಲ ಕೊಡಾಕ ಅಂಜತೀರಿ.”

ಅವ್ವ ತಲೆ ಎತ್ತಲಿಲ್ಲ. “ಎರಡು ಹ್ವಾದವು. ಇದೊಂದು ಉಳೀಲಿ ಅಂತ ಅಂಜತೀನಿ. ನಿನ್ನ ಮ್ಯಾಲ ಸಿಟ್ಟಿಲ್ಲವ್ವಾ ನನಗ” ಅಂದಳು. ಅದು ನಿಜ ಅಂತ ನನಗೆ ಗೊತ್ತು. ಸಿಟ್ಟಿದ್ದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಹೊರಗೆ ಬಂದು ಬೇವಿನ ಮರದ ಕೆಳಗೆ ಕುಳಿತೆವು. ಚೀಲ ಹಾಗೆಯೇ ತುಂಬಿತ್ತು. ಅವ್ವನಿಗೆ ಅದನ್ನು ಆ ಕಲ್ಲಿಗೆ ಕೊಡುವ ಮನಸ್ಸಿಲ್ಲ, ತಿರುಗಿ ಮನೆಗೆ ಒಯ್ಯುವ ಧೈರ್ಯವೂ ಇಲ್ಲ. ತಂಗಿ ಚೀಲವನ್ನು ನನ್ನ ತೊಡೆಯ ಮೇಲಿಟ್ಟು, ಸೆರಗು ಹಾಸಿ ನನ್ನ ಮುಂದೆ ಒಡ್ಡಿದಳು.

“ಅಕ್ಕಾ, ನೀ ತುಂಬು.”

ನಾನು ಅವ್ವನ ಕಡೆ ನೋಡಿದೆ. ಅವಳು ಕೋಟೆ ಗೋಡೆಯ ಕಲ್ಲುಗಳನ್ನು ಹೊಸದಾಗಿ ಕಂಡವಳ ಹಾಗೆ ನೋಡುತ್ತ ಕುಳಿತಿದ್ದಳು. ನಾನು ಬೊಗಸೆ ತುಂಬ ಅಕ್ಕಿ ತೆಗೆದೆ. ಎಷ್ಟೋ ವರ್ಷಗಳಿಂದ ಯಾರ ಉಡಿಗೂ ಚಾಚದ ಕೈಗೆ ಅಳತೆ ತಪ್ಪಿ ಅರ್ಧ ಅಕ್ಕಿ ನೆಲಕ್ಕೆ ಬಿತ್ತು. ಕೊಬ್ಬರಿ, ಉತ್ತತ್ತಿ, ಅಡಿಕೆ ಹಾಕಿದೆ. ಬಳೆ ತೊಡಿಸಲು ಧೈರ್ಯವಾಗಲಿಲ್ಲ, ಸೆರಗಿನಲ್ಲೇ ಇಟ್ಟೆ. ತಂಗಿ ಅಳುತ್ತಿದ್ದಳು. ಅವ್ವ ಈ ಕಡೆ ತಿರುಗಿ, ಬಿದ್ದ ಅಕ್ಕಿಯನ್ನು ಆಯ್ದು, ಮಣ್ಣು ಊದಿ, ತಂದು ಆ ಸೆರಗಿಗೇ ಹಾಕಿದಳು. ಅದು ಒಪ್ಪಿಗೆಯೋ, ಅಕ್ಕಿ ಚೆಲ್ಲಬಾರದು ಅನ್ನುವ ರೂಢಿಯೋ, ನನಗಿನ್ನೂ ತಿಳಿದಿಲ್ಲ.

ದೇವದುರ್ಗದಲ್ಲಿ ಕುಬಸ ಆಯಿತು. ನಾನು ಅಡುಗೆಮನೆಯಲ್ಲಿ ಹೋಳಿಗೆ ಲಟ್ಟಿಸುತ್ತ ಕುಳಿತೆ. ಬೇವಿನ ಮರದ ಕೆಳಗಿನ ಮಾತನ್ನು ನಾವು ಮೂವರೂ ಯಾರಿಗೂ ಹೇಳಲಿಲ್ಲ.

ಅವತ್ತಿನಿಂದ ನಾನು ದಿನಾ ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ತಂಗಿಗೆ ಫೋನು ಮಾಡತೊಡಗಿದೆ. “ಕೂಸು ಆಡಾಕತ್ತದೇನ?” ಅವಳು ನಕ್ಕು, “ಒದೀತದ ಅಕ್ಕಾ” ಅನ್ನುತ್ತಿದ್ದಳು. ಅಕ್ಕನಿಗೆ ಎಷ್ಟು ಕಾಳಜಿ ಅಂತ ಅವಳ ಮನೆಯವರೆಲ್ಲ ಹೊಗಳುತ್ತಿದ್ದರಂತೆ. ಕಾಳಜಿಯೂ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅಪಶಕುನ ಅನ್ನುವುದೇ ಸುಳ್ಳು ಅಂತ ಮಕ್ಕಳಿಗೆ ಪಾಠ ಹೇಳುವ ನಾನು, ಅವಳು ಫೋನು ಎತ್ತುವವರೆಗೆ ಉಸಿರು ಹಿಡಿದು, ಅವಳ ಉಡಿ ತುಂಬಿದ ನನ್ನ ಬಲಗೈಯನ್ನೇ ನೋಡುತ್ತಿದ್ದೆ.