ಸೋಮವಾರ ಒದ್ದೆಯಾಗಿದ್ದ ರೇಜರ್

ನಮ್ಮ ಬಚ್ಚಲುಮನೆಯ ಗೋಡೆಯಲ್ಲಿ ಒಂದು ಮಾಡವಿದೆ. ಅದರಲ್ಲಿ ಪಟಿಕದ ಕಲ್ಲು, ಬ್ರಶ್ಶು, ನನ್ನ ಯಜಮಾನರ ಸ್ಟೀಲ್ ರೇಜರ್. ಹಿಡಿಯ ಬುಡ ತಿರುಗಿಸಿದರೆ ತಲೆಯ ಎರಡು ರೆಕ್ಕೆ ಬಿಚ್ಚಿಕೊಳ್ಳುತ್ತವೆ, ನಡುವೆ ಬ್ಲೇಡು. ಭಾನುವಾರ, ಬುಧವಾರ, ಶುಕ್ರವಾರ ದಾಡಿ. ಸೋಮವಾರ ಮಾತ್ರ ಅದನ್ನು ಮುಟ್ಟುವಂತಿಲ್ಲ. ನಮ್ಮ ಹಳ್ಳಿ ಚಚಡಿಯಲ್ಲಿದ್ದ ನನ್ನ ಅತ್ತೆ ಹಾಕಿಕೊಟ್ಟ ಕಟ್ಟಳೆ ಅದು. ಸೋಮವಾರ ಬಸವಣ್ಣನ ವಾರ. ಎತ್ತಿನ ಹೆಗಲಿಗೆ ನೊಗ ಇಡಬಾರದು, ಗಂಡಸಿನ ಮೈಗೆ ಕತ್ತಿ ಇಡಬಾರದು. ನಾವು ಬೈಲಹೊಂಗಲಕ್ಕೆ ಬಂದು ಇಪ್ಪತ್ತು ವರ್ಷವಾಯಿತು. ಎತ್ತು ಹೋದವು, ಕಟ್ಟಳೆ ಉಳಿಯಿತು.

ಆ ಬ್ಲೇಡಿನ ಮೇಲೆ ನನಗೂ ಹಕ್ಕಿದೆ. ನಾನು ಮನೆಯಲ್ಲೇ ಹೆಂಗಸರ ಜಂಪರ್ ಹೊಲಿಯುತ್ತೇನೆ. ತಪ್ಪಿದ ಹೊಲಿಗೆ ಬಿಚ್ಚಲು ಅವರ ಹಳೆಯ ಬ್ಲೇಡೇ ಬೇಕು. ಅವರ ಕೆನ್ನೆಯ ಮೇಲೆ ಎರಡು ವಾರ ಓಡಿದ ಮೇಲೆ ಅದು ನನ್ನ ಮಷೀನಿನ ಡಬ್ಬಿಗೆ ಬರುತ್ತದೆ. ಆಗ ಅದು ಗಡ್ಡಕ್ಕೆ ಮೊಂಡು, ದಾರಕ್ಕೆ ಹರಿತ.

ಹೋದ ವರ್ಷ ಯುಗಾದಿ ಕಳೆದ ಮೇಲೆ ಒಂದು ಸೋಮವಾರ ಬೆಳಿಗ್ಗೆ ಬಚ್ಚಲು ತೊಳೆಯಲು ಹೋದಾಗ ರೇಜರ್ ಒದ್ದೆಯಾಗಿತ್ತು. ದಾಡಿ ಹಿಂದಿನ ದಿನವೇ ಆಗಿತ್ತು. ನೀರು ಹೋಗುವ ಜಾಳಿಗೆಯಲ್ಲಿ ಕೂದಲು ಸಿಕ್ಕಿತ್ತು. ಉದ್ದ, ಸುರುಳಿ ಸುತ್ತಿದ, ಅರ್ಧ ಕಪ್ಪು ಅರ್ಧ ಬಿಳಿ. ಅವರ ಗಡ್ಡ ಪೂರ್ತಿ ಬಿಳಿ. ಮಗಳನ್ನು ಕಿತ್ತೂರಿಗೆ ಕೊಟ್ಟ ಮೇಲೆ ಮನೆಯಲ್ಲಿ ಇರುವವರು ನಾವಿಬ್ಬರೇ.

ಕೇಳಲಿಲ್ಲ. ನೋಡತೊಡಗಿದೆ. ಬಿಸಿಲು ಶುರುವಾಯಿತೆಂದರೆ ಅಂಗಡಿಯಿಂದ ಬಂದವರೇ ಅಂಗಿ, ಬನಿಯನ್ ಕಳಚಿ, ಹೆಗಲಿಗೆ ಟವೆಲ್ ಹಾಕಿಕೊಂಡು ಕಟ್ಟೆಯ ಮೇಲೆ ಕೂರುವ ಮನುಷ್ಯ, ಈಗ ಮಲಗುವಾಗಲೂ ಬನಿಯನ್ ತೆಗೆಯುತ್ತಿರಲಿಲ್ಲ. ಭಾನುವಾರ ಬೆನ್ನು ತಿಕ್ಕಲು ನನ್ನನ್ನು ಕೂಗುತ್ತಿದ್ದವರು ಒಳಗಿನಿಂದ ಚಿಲಕ ಹಾಕಿಕೊಂಡರು.

"ಬೆನ್ನ ತಿಕ್ಕಬೇಕೇನ್ರಿ?"

"ಬ್ಯಾಡ. ನಿಂದು ಹೊಲಿಗಿ ಕೆಲಸ ಭಾಳ ಐತಿ."

ಇಪ್ಪತ್ತೆಂಟು ವರ್ಷದಲ್ಲಿ ನನ್ನ ಹೊಲಿಗೆ ಕೆಲಸದ ಚಿಂತೆ ಅವರಿಗೆ ಬಂದದ್ದು ಅದೇ ಮೊದಲು.

ಅವರು ಮಾರ್ಕೆಟ್ಟಿನ ಒಂದು ಅಡತಿ ಅಂಗಡಿಯಲ್ಲಿ ಕಾಳಿನ ತೂಕ ನೋಡಿಕೊಳ್ಳುತ್ತಾರೆ. ಅಂಗಡಿಯ ಕೆಲಸಕ್ಕೆ ಸೋಮವಾರ ಯರಗಟ್ಟಿಗೆ ಹೋಗಬೇಕು ಅಂದಿದ್ದರು. ಅಂಗಿ ಒಗೆಯುವಾಗ ಜೇಬಿನಲ್ಲಿ ಬೆಳಗಾವಿಯ ಬಸ್ ಟಿಕೆಟ್ ಸಿಕ್ಕಿತು. ಅದನ್ನು ಮಷೀನಿನ ಡಬ್ಬಿಯಲ್ಲಿ ಹಳೆಯ ಬ್ಲೇಡುಗಳ ಕೆಳಗೆ ಇಟ್ಟೆ.

ನಮ್ಮ ಓಣಿಯ ಒಬ್ಬ ಅಕ್ಕ ನನ್ನ ಹಳೆಯ ಗಿರಾಕಿ. ಅಳತೆ ಕೊಡಲು ಬಂದಾಗ ಯಾರದೋ ಮನೆಯ ಸುದ್ದಿಯೆಂಬಂತೆ ಕೇಳಿದೆ.

"ಐವತ್ತೈದ ವರ್ಷದ ಗಂಡಸು ಮೈಮ್ಯಾಗಿನ ಕೂದಲಾ ಯಾಕ ಬೋಳಿಸ್ಕೋತಾನಕ್ಕಾ?"

"ಎರಡ ಕಾರಣ ನೋಡವಾ. ಒಂದ, ಗರಡಿಮನ್ಯಾಗ ಕುಸ್ತಿ ಹಿಡ್ಯಾಂವ ಇರಬೇಕು."

"ಇನ್ನೊಂದ?"

"ಇನ್ನೊಂದ ನಾ ಹೇಳಬೇಕೇನ?" ಆಕೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. "ಯಾರ ಮನಿ ಸುದ್ದಿ ಇದು?"

"ಕೈ ಎತ್ತಕ್ಕಾ, ತೋಳಿನ ಅಳತಿ ತಗೋತೇನಿ," ಅಂದೆ.

ಮುಂದಿನ ಭಾನುವಾರ ಸಂಜೆ, ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಿಂದ ರೇಜರಿನ ಹಿಡಿಯ ಮೇಲೆ ಒಂದು ಸಣ್ಣ ಗೆರೆ ಎಳೆದಿಟ್ಟೆ. ಸೋಮವಾರ ಅವರು ಬಸ್ಸಿಗೆ ಹೋದ ಮೇಲೆ ನೋಡಿದರೆ ಗೆರೆ ಇಲ್ಲ. ರೇಜರನ್ನು ಒರೆಸಿ ಇಟ್ಟಿದ್ದರು. ಜಾಳಿಗೆಯನ್ನೂ ತೊಳೆದಿದ್ದರು. ಮದುವೆಯಾದಾಗಿನಿಂದ ಕುಡಿದ ಲೋಟ ತೊಳೆಯದ ಗಂಡಸು!

ಮೂರನೆಯ ವಾರ ನನ್ನ ಕೈ ಸುಮ್ಮನಿರಲಿಲ್ಲ. ಭಾನುವಾರ ಅವರು ಹೊಸ ಬ್ಲೇಡು ಹಾಕಿದ್ದರು. ಸಂಜೆ ಅದನ್ನು ತೆಗೆದು ಅಡಗಿಸಿ, ನನ್ನ ಡಬ್ಬಿಯಲ್ಲಿದ್ದ, ಹೊಲಿಗೆ ಬಿಚ್ಚಿ ಬಿಚ್ಚಿ ಅಂಚು ಮುರಿದ ಬ್ಲೇಡೊಂದನ್ನು ರೇಜರಿನಲ್ಲಿ ಕೂರಿಸಿದೆ. ಕದ್ದು ಬೋಳಿಸಿಕೊಳ್ಳುವವರಿಗೆ ಒಂದು ಗಾಯವಾಗಲಿ. ಬನಿಯನ್ನಿಗೆ ಹತ್ತಿದ ರಕ್ತ ಒಗೆಯುವವಳು ನಾನೇ ತಾನೆ, ಆಗ ಕೇಳುತ್ತೇನೆ ಅಂದುಕೊಂಡಿದ್ದೆ.

ಸೋಮವಾರ ಬೆಳಿಗ್ಗೆ ಬಚ್ಚಲಿನಿಂದ "ಹಾ" ಎಂಬ ದನಿ ಕೇಳಿಸಿತು. ಸ್ವಲ್ಪ ತಡೆದು ಮತ್ತೊಂದು. ನೀರು ಸುರಿಯುವ ಸದ್ದು ನಿಲ್ಲಲೇ ಇಲ್ಲ.

"ಏನಾತ್ರಿ?"

"ಏನಿಲ್ಲ. ಜಳಕಾ ಮಾಡಾಕ ಹತ್ತೇನಿ."

"ಚಿಲಕಾ ತಗೀರಿ."

"ತಡೀ ಅಂದ್ನೆಲ್ಲ."

"ಸ್ವಾಮಾರ ದಿವಸ ರೇಜರ್ ಯಾಕ ಹಿಡದೀರಿ? ಮೂರ ವಾರದಿಂದ ನೋಡಾಕ ಹತ್ತೇನಿ. ತಗೀರಿ ಬಾಗಲಾ."

ಚಿಲಕ ಸರಿಯಿತು. ಟವೆಲ್ ಸುತ್ತಿಕೊಂಡು ಮಣೆಯ ಮೇಲೆ ಕುಳಿತಿದ್ದರು. ಎದೆಯ ಎಡಭಾಗ ಬೋಳು, ಬಲಭಾಗದಲ್ಲಿ ಒಂದು ವಾರದ ಕೂಳೆ. ಬೋಳಾದಲ್ಲಿ ರೂಪಾಯಿ ಅಗಲದ ಕೆಂಪು ಕಲೆಗಳು, ಏನೋ ಅಂಟಿಸಿ ಕಿತ್ತ ಹಾಗೆ. ಎದೆಯ ಮೇಲೆ ನಾಲ್ಕೈದು ಕಡೆ ರಕ್ತ. ಪಟಿಕ ಒತ್ತಿ ಹಿಡಿದರೂ ಹನಿಯುತ್ತಿತ್ತು.

"ರಕ್ತಾ ತೆಳ್ಳಗ ಮಾಡೋ ಗುಳಿಗಿ ಕೊಟ್ಟಾರ. ಅದಕ್ಕ ನಿಂದ್ರವಲ್ದು," ಅಂದರು, ನೆಲ ನೋಡುತ್ತ.

ಆಮೇಲೆ ಒಂದೊಂದಾಗಿ ಹೊರಬಂತು. ಅಂಗಡಿಯಲ್ಲಿ ಒಂದರ ಮೇಲೊಂದು ಪೇರಿಸಿದ ಚೀಲದ ನಿಟ್ಟು ಹತ್ತುವಾಗ ಎದೆ ಹಿಡಿದಿತ್ತಂತೆ. ಬೆಳಗಾವಿಯ ಹೃದಯದ ಡಾಕ್ಟರು ಸಿಗುವುದು ಸೋಮವಾರ ಮಾತ್ರ. ಮೊದಲ ಸಲ ಹೋದಾಗ, ಎದೆಗೆ ತಂತಿ ಅಂಟಿಸಬೇಕು, ಕೂದಲು ತೆಗೆಯುತ್ತೇನೆ ಎಂದು ನರ್ಸ್ ಹುಡುಗಿ ರೇಜರ್ ಹಿಡಿದು ಬಂದಿದ್ದಳು.

"ನಮ್ಮ ಮಗಳ ವಾರಿಗಿಯಾಕಿ. ಆಕಿ ಕೈಲೆ ಹ್ಯಾಂಗ ಬೋಳಿಸ್ಕೊಳ್ಳೋದು? ಮುಂದಿನ ಸ್ವಾಮಾರ ಮನ್ಯಾಗ ಮಾಡಿಕೊಂಡ ಬರತೇನಿ ಅಂದು ಎದ್ದ ಬಂದೆ."

ಈ ಸೋಮವಾರ ಮುಂಗೈಯ ನರದೊಳಗೆ ಸಣ್ಣ ನಳಿಗೆ ಹಾಕಿ ಎದೆಯವರೆಗೆ ನೋಡುವವರಿದ್ದರು. ಕೈಯಲ್ಲಿ ಆಗದಿದ್ದರೆ ತೊಡೆಸಂದಿಯಿಂದ. ಎದೆಯ ಜೊತೆಗೆ ಈ ಎರಡೂ ಕಡೆ ಬೋಳಿಸಿಕೊಂಡು, ಸಹಿ ಹಾಕಲು ಒಬ್ಬರನ್ನು ಕರೆದುಕೊಂಡು ಬನ್ನಿ ಎಂದಿದ್ದರಂತೆ.

"ಯಾರನ್ನ ಕರಕೊಂಡ ಹೋಗಾವ್ರ ಇದ್ರಿ?"

"ಅಂಗಡಿ ಸಾವಕಾರ್ರನ್ನ."

ಯಾವಳೋ ಒಬ್ಬಳ ಹೆಸರು ಹೇಳಿದ್ದರೂ ಅಷ್ಟು ಚುಚ್ಚುತ್ತಿರಲಿಲ್ಲ.

"ಮತ್ತ ನಾ ಯಾರು?"

"ನಿಮ್ಮಪ್ಪ ದವಾಖಾನಿಗೆ ಹ್ವಾದಾಂವ ತಿರುಗಿ ಬರಲಿಲ್ಲ. ನೀ ಅಳಾಕ ಕುಂತಿದ್ರ ನನ್ನ ಕಾಲ ಮುಂದ ಬರತಿದ್ದಿಲ್ಲ."

ಅಳಲಿಲ್ಲ. ಅಡಗಿಸಿಟ್ಟಿದ್ದ ಹೊಸ ಬ್ಲೇಡು ತಂದು, ಅವರಿಗೆ ಬೆನ್ನು ಮಾಡಿ ನಿಂತು ರೇಜರಿಗೆ ಹಾಕಿದೆ. ನೊರೆ ಹಚ್ಚಿ, ಎಡಗೈಯಿಂದ ಚರ್ಮ ಬಿಗಿಹಿಡಿದು, ಕೂದಲು ಮಲಗಿದ ದಿಕ್ಕಿಗೇ ಎಳೆದೆ. ಮಖಮಲ್ ಬಟ್ಟೆ ಕತ್ತರಿಸುವಾಗಲೂ ಅದರ ಜುಂಗು ಯಾವ ಕಡೆ ಮಲಗಿದೆ ಎಂದು ಮೊದಲು ಕೈಯಾಡಿಸಿ ನೋಡುತ್ತೇವೆ. ಬಲ ಎದೆ, ಮುಂಗೈ, ಆಮೇಲೆ ಟವೆಲ್ ಸರಿಸಿ ಉಳಿದದ್ದು. ಅವರು ಗೋಡೆ ನೋಡುತ್ತ ಕುಳಿತಿದ್ದರು.

"ಇವತ್ತ ಸ್ವಾಮಾರ. ಅವ್ವ ಇದ್ದಿದ್ರ ಬಿಡತಿದ್ದಿಲ್ಲ."

"ಅವ್ವ ಇದ್ದಿದ್ರ ಆಕಿಗೂ ಹೇಳತಿದ್ದಿಲ್ಲ ನೀವು. ಅಲ್ಲಾಡಬ್ಯಾಡ್ರಿ."

"ನಿನ್ನೆರ ಹೊಸಾ ಬ್ಲೇಡ ಹಾಕಿದ್ನಿ. ಯಾಕ ಹಿಂಗ ಕಡೀತು?"

ಗಾಯಗಳ ಮೇಲೆ ಮೆತ್ತನೆಯ ಲೈನಿಂಗ್ ಬಟ್ಟೆಯ ತುಂಡು ಒತ್ತಿ ಹಿಡಿದೆ, ರಕ್ತ ನಿಲ್ಲುವವರೆಗೆ. ಅಷ್ಟು ಹೊತ್ತೂ ನನ್ನ ಕೈಯ ಕೆಳಗೆ ಅವರ ಎದೆ ಬಡಿಯುತ್ತಿತ್ತು. ಸರಿಯಾಗಿ ಬಡಿಯುತ್ತಿದೆಯೋ ಇಲ್ಲವೋ ನನಗೇನು ತಿಳಿಯಬೇಕು.

ಬಸ್ಸು ಊರು ದಾಟಿದ ಮೇಲೆ ಹೇಳಿದೆ. ಚಾಕಿನ ಗೆರೆ, ಟಿಕೆಟ್, ಬ್ಲೇಡು, ಎಲ್ಲ. ಓಣಿಯ ಅಕ್ಕ ಆಡಿದ ಕುಸ್ತಿಯ ಮಾತೊಂದನ್ನು ಬಿಟ್ಟೆ. ಅವರು ಅಂಗಿಯ ಮೇಲಿಂದಲೇ ಗಾಯ ಸವರಿ ನೋಡಿಕೊಂಡರು.

ಆಸ್ಪತ್ರೆಯಲ್ಲಿ ಅದೇ ನರ್ಸ್ ಹುಡುಗಿ ಅಂಗಿ ಬಿಚ್ಚಿಸಿ ನೋಡಿದಳು. "ಕಾಕಾ, ಈ ಕಡಿ ಎಷ್ಟ ಚಂದ ಆಗೇತಿ! ಆ ಕಡಿ ಯಾರ್ರಿ ಹಿಂಗ ಕೊರದಾವ್ರು?"

"ಎರಡೂ ನಮ್ಮ ಮನಿಯಾಕಿದ ಕೆಲಸ ನೋಡವಾ," ಅಂದರು.

ಹುಡುಗಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಮೂರು ವಾರ ನಾನು ಅವರನ್ನು ಹಾಗೆಯೇ ನೋಡಿದ್ದೆ. ಕಾಗದ ತೋರಿಸಿದಳು, ನಾನು ಸಹಿ ಹಾಕಿದೆ.

ಹೃದಯದ ಒಂದು ನರ ಸಣ್ಣದಾಗಿತ್ತು. ಅದರಲ್ಲಿ ಸ್ಟೆಂಟ್ ಕೂರಿಸಿದರು. ಮೂರನೆಯ ದಿನ ಮನೆಗೆ ಬಂದೆವು. ಎದೆಯ ಕೂದಲು ಮತ್ತೆ ಬೆಳೆದಿದೆ, ಈ ಸಲ ಕಪ್ಪಿಗಿಂತ ಬಿಳಿಯೇ ಹೆಚ್ಚು. ಬನಿಯನ್ ಕಳಚಿ ಕಟ್ಟೆಯ ಮೇಲೆ ಕೂರುತ್ತಾರೆ. ಆದರೂ ನಾನು ಭಾನುವಾರ ಸಂಜೆ ರೇಜರಿನ ಹಿಡಿಗೆ ಗೆರೆ ಎಳೆಯುವುದನ್ನು ಬಿಟ್ಟಿಲ್ಲ. ಸೋಮವಾರ ಎದ್ದವಳೇ ನೋಡುತ್ತೇನೆ. ಹೋದ ಭಾನುವಾರ ಮದುವೆಯ ಜಂಪರುಗಳ ಗಡಿಬಿಡಿಯಲ್ಲಿ ಮರೆತಿದ್ದೆ. ಅವರೇ ಬಂದು ಮಷೀನಿನ ಪಕ್ಕ ನಿಂತರು, ಕೈಯಲ್ಲಿ ನನ್ನ ಗುರುತಿನ ಚಾಕ್‌ಪೀಸು.

"ಇವತ್ತ ಗೆರಿ ಹಾಕಲಿಲ್ಲೇನ?"