ಸೇಫ್ಟಿ ಹಾಕಿದ ಮೇಲೆ

ಲಿಂಗದಹಳ್ಳಿಯ ಅರಣ್ಯ ಇಲಾಖೆ ಕ್ವಾರ್ಟರ್ಸ್‌ನ ಜಗುಲಿಯಲ್ಲಿ ದೀಪಶ್ರೀ ಬೆಳಿಗ್ಗೆ ಬೆಳಿಗ್ಗೆಯೇ ಪೊರಕೆ ಹಿಡಿದು ನಿಂತಿದ್ದಳು. ಕಸ ಗುಡಿಸುತ್ತಿರಲಿಲ್ಲ. ಪೊರಕೆಯ ತುದಿಯನ್ನು ಕಾಂಪೌಂಡ್ ಗೋಡೆಯತ್ತ ಚಾಚಿ, ತೋರುಬೆರಳನ್ನು ಹಿಡಿಯ ಪಕ್ಕಕ್ಕೆ ನೇರವಾಗಿಟ್ಟು, ತಲೆಯನ್ನಷ್ಟೇ ತಿರುಗಿಸಿ "ಯೆಸ್ ಸರ್" ಅನ್ನುತ್ತಿದ್ದಳು.

ರಂಗೋಲಿ ಹಾಕುತ್ತಿದ್ದ ಪಕ್ಕದ ಮನೆಯ ಪ್ರೇಮಮ್ಮ ನಕ್ಕಳು. "ಏನೇ, ಗೋಡೆಗೆ ಗುಂಡು ಹೊಡೀತಿದೀಯಾ?"

"ಹೊಡೀದೇ ಇರೋದನ್ನ ಕಲೀತಿದೀನಿ ಕಣಕ್ಕ."

ಯಗಟಿಯ ರಾಗಿ ಹೊಲದ ಮನೆಯಿಂದ ಬಂದ ದೀಪಶ್ರೀ ಗಸ್ತು ಅರಣ್ಯ ಪಾಲಕಿ. ರೈಫಲ್ ಪರೀಕ್ಷೆ ಪಾಸಾದರೆ ಕಾಡಿನ ಗಸ್ತು. ಇಲ್ಲದಿದ್ದರೆ ತರೀಕೆರೆಯ ನರ್ಸರಿಯಲ್ಲಿ ಸಸಿ ಚೀಲಕ್ಕೆ ಮಣ್ಣು ತುಂಬಿಸುವ ಕೆಲಸ. ಒಮ್ಮೆ ಫೇಲಾಗಿದ್ದವಳಿಗೆ ಇದು ಕೊನೆಯ ಅವಕಾಶ. ಅವ್ವ ಮಲ್ಲಿಕಾಂಬಳಿಗೆ ಮಾತ್ರ ನರ್ಸರಿಯೇ ಇಷ್ಟ. "ನೆಳ್ಳಾಗಾದ್ರೂ ಇರ್ತೀಯ ಕಣೇ" ಎಂದು ಫೋನಿನಲ್ಲಿ ಹೇಳುತ್ತಲೇ ಇದ್ದಳು.

ಹೋದ ಸಲ ಗುರಿ ತಪ್ಪಿರಲಿಲ್ಲ. ಗುಂಡು ತುಂಬಿದ ರೈಫಲ್‌ಗೆ ಗುಂಡು ಹಾರದಂತೆ ತಡೆಯುವ ಸೇಫ್ಟಿ ಹಾಕಿದ್ದಳು. ತರಬೇತುದಾರ ವಿಶ್ವಾರಾಧ್ಯರು ಕರೆದ ಕೂಡಲೇ ಇಡೀ ಮೈ ತಿರುಗಿಸಿಬಿಟ್ಟಳು. ನಳಿಗೆ ಅವರ ಹೊಟ್ಟೆಗೆ ನೇರ ಬಂತು.

"ಸೇಫ್ಟಿ ಹಾಕಿದೀನಿ ಸರ್."

"ಅದು ಯಂತ್ರ ಕಣಮ್ಮ, ಯಾವತ್ತಾದ್ರೂ ಕೈ ಕೊಡುತ್ತೆ. ನನಗಿರೋದು ಒಂದೇ ಹೊಟ್ಟೆ."

ಈ ಸಲದ ಪರೀಕ್ಷೆ ವಿಜಯದಶಮಿಯ ಮಾರನೇ ದಿನ, ಅಜ್ಜಂಪುರದ ಕಡೆಯ ಬಯಲಿನಲ್ಲಿ, ಎತ್ತರದ ಮಣ್ಣಿನ ದಿಬ್ಬದೆದುರು. ರೈಫಲ್‌ಗಳನ್ನು ಜೀಪಿನಿಂದ ಇಳಿಸಿದವರು ಅವುಗಳ ಉಸ್ತುವಾರಿ ನೋಡುವ ರುದ್ರಮೂರ್ತಿ. ಆಯುಧಪೂಜೆಗೆ ಅವುಗಳಿಗೆ ಹೂ ಏರಿಸಿದವರೂ ಅವರೇ. ಕುಂಕುಮದಿಂದ ಕಬ್ಬಿಣ ಕೆಡುತ್ತದೆಂದು ವಿಭೂತಿಯನ್ನು ನೀರಲ್ಲಿ ಕಲಸಿ ಮೂರು ಪಟ್ಟೆ ಎಳೆದಿದ್ದರು. ಬೆಳಿಗ್ಗೆ ಬಟ್ಟೆಯಿಂದ ಒರೆಸಿ ತಂದಿದ್ದರು.

"ಗುಂಡು ತುಂಬಿ ಸೇಫ್ಟಿ ಹಾಕು" ಎಂದರು ವಿಶ್ವಾರಾಧ್ಯರು.

ದೀಪಶ್ರೀ ನಳಿಗೆಯನ್ನು ದಿಬ್ಬದ ಕಡೆಗೇ ಇಟ್ಟುಕೊಂಡು, ಗುಂಡನ್ನು ಒಳಕ್ಕೆ ತಳ್ಳುವ ಬೋಲ್ಟ್ ಮುಚ್ಚಿದಳು. ಎಡಬದಿಯ ಪುಟ್ಟ ಸೇಫ್ಟಿ ಲಿವರನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಸರಿಸಿದಳು. ಸರಿಯಿತು, ನಿಂತಿತು. ಆದರೆ ಯಾವಾಗಲೂ ಕೇಳುವ ಟಕ್ ಎಂಬ ಸದ್ದು ಬರಲಿಲ್ಲ.

"ಆಯ್ತಾ? ಈ ಕಡೆ ನೋಡು."

ಅವಳು ತಲೆಯನ್ನಷ್ಟೇ ತಿರುಗಿಸಿದಳು. "ಆಗಿಲ್ಲ ಸರ್."

"ಹಿಂದಕ್ಕೆ ಬಂದಿದೆಯಲ್ಲಮ್ಮ?"

"ಪೂರ್ತಿ ಬಂದಿಲ್ಲ."

ಈ ರೈಫಲ್‌ನಲ್ಲಿ ಸೇಫ್ಟಿ ಸರಿಯಾಗಿ ಬಿದ್ದರೆ ಬೋಲ್ಟಿನ ಹಿಡಿ ಅಲುಗುವುದಿಲ್ಲ. ಬೆರಳನ್ನು ಟ್ರಿಗರ್‌ನಿಂದ ದೂರವಿಟ್ಟು ಅವಳು ಹಿಡಿಯನ್ನು ಮೆಲ್ಲಗೆ ಎತ್ತಿದಳು. ಎದ್ದು ಬಂತು. ಹಿಂದೆ ಸರದಿಗೆ ಕಾಯುತ್ತಿದ್ದವರು ಎರಡು ಹೆಜ್ಜೆ ಹಿಂದಕ್ಕೆ ಸರಿದರು. ಮ್ಯಾಗಜೀನ್ ಕಳಚಿ, ಬೋಲ್ಟ್ ಎಳೆದು ಒಳಗಿದ್ದ ಗುಂಡನ್ನು ಹೊರಹಾಕಿ, ಖಾಲಿಯಾಗಿದೆಯೆಂದು ಬೆರಳಾಡಿಸಿ ನೋಡಿದಳು. ಅಷ್ಟು ಹೊತ್ತೂ ನಳಿಗೆ ದಿಬ್ಬ ಬಿಟ್ಟು ಕದಲಲಿಲ್ಲ.

ವಿಶ್ವಾರಾಧ್ಯರು ಬಗ್ಗಿ ಲಿವರಿನ ಹಿಂದಿನ ಸಂದನ್ನು ಉಗುರಿನಿಂದ ಕೆರೆದರು. ಒಣಗಿ ಗಟ್ಟಿಯಾದ ಬಿಳಿ ಚಕ್ಕೆ ಬಂತು.

"ರುದ್ರಣ್ಣ, ರೈಫಲ್‌ಗೂ ದೀಕ್ಷೆ ಕೊಟ್ಬಿಟ್ಟಿದೀಯಲ್ಲೋ!"

"ಅಯ್ಯೋ ಶಿವನೇ, ಒರೆಸಿದ್ದೆ ಕಣ್ರೀ..." ರುದ್ರಮೂರ್ತಿಯ ಮುಖ ಸಣ್ಣದಾಯಿತು.

"ಮೇಲೆ ಒರೆಸಿದೀಯ. ಹೋಗ್ಲಿ, ನನ್ನ ಹೊಟ್ಟೆ ಉಳೀತು."

ಗುಂಡು ತುಂಬುವ ಮೊದಲೇ ಖಾಲಿ ರೈಫಲ್‌ನಲ್ಲಿ ಲಿವರ್ ಆಡಿಸಿ ನೋಡಬೇಕಿತ್ತು. ಅದನ್ನು ಅವಳೂ ಮರೆತಿದ್ದಳು, ವಿಶ್ವಾರಾಧ್ಯರೂ ಮರೆತಿದ್ದರು. ಅದನ್ನೂ ಅವರು ಎಲ್ಲರೆದುರು ಹೇಳಿದರು.

ಎಲ್ಲ ರೈಫಲ್‌ಗಳನ್ನೂ ಅಲ್ಲೇ ಬಿಚ್ಚಿ ಶುಚಿ ಮಾಡಿದ ಮೇಲೆ ದೀಪಶ್ರೀ ಮೊದಲಿನಿಂದ ಪರೀಕ್ಷೆ ಕೊಟ್ಟಳು. ಲಿವರ್ ಟಕ್ ಎಂದಿತು. ಅವಳು ತಲೆಯನ್ನಷ್ಟೇ ತಿರುಗಿಸಿ "ಯೆಸ್ ಸರ್" ಎಂದಳು.

ವಾಪಸು ಬರುವಾಗ ಅವ್ವನಿಗೆ ಫೋನ್ ಮಾಡಿದಳು. "ನೆಳ್ಳು ತಪ್ಪೋಯ್ತು ಕಣವ್ವ."

ಸೋಮವಾರದಿಂದ ಲಿಂಗದಹಳ್ಳಿಯ ಮೇಲಿನ ಕಾಡಿನ ಗಸ್ತು ಅವಳದು.